ಪಂಪಿನ ಮೇಲಿನ ಒದ್ದೆ ಬಟ್ಟೆ

ಮಕ್ಕಳೇ, ನಿನ್ನೆ ನೀವು ಹಳೆಯ ಕಾರಿನ ಬಾನೆಟ್ ಎತ್ತಿದಾಗ ಬಂದ ಬಿಸಿ ಪೆಟ್ರೋಲಿನ ವಾಸನೆಗೆ ನಾನು ಎದ್ದು ಒಳಗೆ ಹೋದೆ. ಯಾಕೆಂದು ಬಾಯಲ್ಲಿ ಹೇಳಲಾಗಲಿಲ್ಲ, ಬರೆಯುತ್ತಿದ್ದೇನೆ.

ಅಪ್ಪಯ್ಯ ಕೆರಾಡಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಒಂದು ಬೇಸಿಗೆಯ ಮಧ್ಯಾಹ್ನ, ಜ್ವರದಿಂದ ಸುಡುತ್ತಿದ್ದ ಅಮ್ಮನನ್ನು ಅದರಲ್ಲೇ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆವು. ಏರು ಹತ್ತುವಾಗ ಕಾರು ಕೆಮ್ಮಿ ನಿಂತಿತು.

"ಎಂತ ಆಯ್ತ್?" ಅಮ್ಮ ಕೇಳಿದಳು.

"ಶೆಕೆಗೆ ಪೆಟ್ರೋಲ್ ಪೈಪಲ್ಲೇ ಆವಿ ಆಯ್ತ್. ಪಂಪ್ ತಣ್ಣಗಾಯ್ಕ್," ಅಂದರು ಅಪ್ಪಯ್ಯ.

ಎಂಜಿನಿಗೆ ಪೆಟ್ರೋಲ್ ಎಳೆಯುವ ಆ ಪಂಪನ್ನು ತಣಿಸಲು ಅದರ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸಾಕಿತ್ತು. ಆದರೆ ಪಕ್ಕದ ಹಳ್ಳ ಬತ್ತಿತ್ತು. ಬಾಟಲಿಯ ಕೊನೆಯ ನೀರನ್ನೂ ಅಮ್ಮನ ಹಣೆಯ ಬಟ್ಟೆಗೆ ಸುರಿದಾಗಿತ್ತು. ಅಮ್ಮ ಆ ಬಟ್ಟೆಯನ್ನು ತೆಗೆದು ಕಿಟಕಿಯಿಂದ ಚಾಚಿದಳು.

"ಹ್ವಾಯ್, ಇದನ್ ಹಾಕಿ. ಅದ್ಕೂ ನನ್ನಂಗೇ ಜ್ವರ."

"ನಿಂಗೆ ಬ್ಯಾಡ್ದಾ?"

"ನಾ ಎಂತ ನಿಮ್ ಗಾಡಿಯಾ, ದಾರಿ ಮೇಲ್ ನಿಲ್ಲುಕೆ?"

ಪಂಪಿಗೆ ತಾಗಿದ ಬಟ್ಟೆಯಿಂದ ಹಬೆ ಎದ್ದಿತು. ಸ್ವಲ್ಪ ಹೊತ್ತಿಗೆ ಕಾರು ಹೊರಟಿತು. ಆಸ್ಪತ್ರೆಯನ್ನೂ ತಲುಪಿದೆವು. ಬೆಳಗಾಗುವುದರೊಳಗೆ ಅಮ್ಮ ತೀರಿಕೊಂಡಳು.

ಮರುದಿನ ಅವಳ ದೇಹವನ್ನು ಮನೆಗೆ ತರುವಾಗ ಕಾರು ಮತ್ತೆ ಬಿಸಿಲಿನಲ್ಲಿ ನಿಂತಿತು. ಈ ಸಲ ನನ್ನ ಮಡಿಲಲ್ಲಿ ಬಾಟಲಿ ತುಂಬ ನೀರಿತ್ತು. ಇಳಿದು ಬಾನೆಟ್ ಎತ್ತಿದರೆ, ಅಮ್ಮನ ಬಟ್ಟೆ ಪಂಪಿನ ಮೇಲೇ ಒಣಗಿ ಅಂಟಿಕೊಂಡಿತ್ತು.

"ಅಪ್ಪಯ್ಯ, ಬಟ್ಟೆಗೆ ನೀರ್ ಹಾಕ್ಲಾ?"

ಅಪ್ಪಯ್ಯ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದರು.

"ಬ್ಯಾಡ ಮಗಾ. ಈಗ ಎಂತ ಗಡಿಬಿಡಿ ಇತ್? ಅದಾಗೇ ತಣಿಯಲಿ."