ಐತಾಳರ ಪಾಲು

"ಹಗ್ಗ ಬಿಡಿ, ಐತಾಳ್ರೆ. ಬಿಟ್ಟ್ ಮಾತಾಡುವ."

ಕಿಟ್ಟ ಹೀಗಂದಾಗ ಬಲೆ ಇನ್ನೂ ಅರ್ಧ ನೀರಿನಲ್ಲಿತ್ತು. ಕೈರಂಪಣಿ ತಂಡಕ್ಕೆ ಅವನೇ ಯಜಮಾನ. ದಡದಲ್ಲಿ ನಿಂತು ಎಳೆಯುವ ಆ ದೊಡ್ಡ ಬಲೆಯ ಹಗ್ಗ ಯಾರು ಮುಟ್ಟಿದರೂ ಅವರಿಗೆ ಮೀನಿನ ಪಾಲುಂಟು. ಬೇಡ ಅನ್ನುವಂತಿಲ್ಲ. ಅಂದರೆ ಕಡಲಿಗೆ ಅವಮಾನ, ಮರುದಿನ ಬಲೆ ಖಾಲಿ ಎಂದು ಇವರ ನಂಬಿಕೆ.

ಹೆಮ್ಮಾಡಿಯ ಐತಾಳರು ನಿವೃತ್ತ ಅಂಚೆ ಗುಮಾಸ್ತರು. ಮೀನು ತಿನ್ನುವವರಲ್ಲ. ಆದರೂ ಮಳೆಗಾಲ ಕಳೆದಂದಿನಿಂದ ದಿನಾ ಲೂನಾದಲ್ಲಿ ಬಂದು ಹಗ್ಗ ಎಳೆಯುತ್ತಿದ್ದರು. ಸಿಕ್ಕ ಪಾಲು ನೇರ ಜಲಜಳ ಬುಟ್ಟಿಗೆ. ಪುಣ್ಯದ ಕೆಲಸವೆಂದು ಊರು ಹೊಗಳುತ್ತಿತ್ತು. ಜಲಜ ಒಂಟಿ ವಿಧವೆ. ಕಡಲಿಗೆ ಮುಖ ಮಾಡಿದ ಆರು ಸೆಂಟ್ಸ್ ಜಾಗ ಅವಳದ್ದು. ಅಂಥ ಜಾಗ ಹುಡುಕಿಕೊಂಡು ಆ ವರ್ಷ ರೆಸಾರ್ಟಿನವರು ಬರತೊಡಗಿದ್ದರು.

"ಕಣ್ಣ್ ಯಾವುದ್ರ್ ಮೇಲೆ? ಜಾಗವಾ, ಜಲಜಕ್ಕನಾ?"

ಹಗ್ಗ ಹಿಡಿದವರು ನಕ್ಕರು. ಐತಾಳರ ಕಿವಿ ಕೆಂಪಾಯಿತು.

"ಎರಡೂ ಅಲ್ಲ ಮಾರಾಯ. ಭುಜ."

"ಯಾರ್ ಭುಜ?"

"ನಂದೇ. ಬಿಗಿದ್ ಹೋಯಿತ್ತ್. ಬೆನ್ನ್ ತಿಕ್ಕುಕೂ ಆತಿರ್ಲಿಲ್ಲೆ. ದಿನಾ ಹಗ್ಗ ಎಳೀಕ್ ಅಂದ್ರ್ ಡಾಕ್ಟ್ರ್. ಮನೆ ಬಾವಿಗೆ ಪಂಪ್ ಬಂದಿತ್ತ್, ಹಗ್ಗ ಇಪ್ಪುದ್ ಇಲ್ಲೇ. ಪಾಲ್ ಬೇಡ ಅಂಬಂಗಿಲ್ಲೆ, ಮನೆಗ್ ತಕಂಡ್ ಹೋಪಂಗಿಲ್ಲೆ. ಜಲಜ ಬಂದ್ ಬುಟ್ಟಿ ಹಿಡಿದ್ಲ್. ಬಚಾವಾದೆ."

ಐತಾಳರು ಕೈಯನ್ನು ತಲೆಯ ಮೇಲೆತ್ತಿ ತೋರಿಸಿದರು. ಕಿಟ್ಟನಿಗೆ ಅದು ಹಿಡಿಸಲಿಲ್ಲ. ಇಷ್ಟು ದಿನ ಊರೇ ಹೊಗಳಿದ್ದು ಒಂದು ಭುಜವನ್ನೇ?

"ಬಡವಿಯ ಹೆಸ್ರಲ್ಲಿ ವ್ಯಾಯಾಮ. ಇದೆಂತ ಪುಣ್ಯ? ಜಲಜಕ್ಕನ್ನ ಕೇಳ್ತೆ. ಇಂಥ ಮೀನ್ ಬೇಡ ಅಂದ್ರೆ ನಾಳಿಂದ ನೀವ್ ಹಗ್ಗ ಮುಟ್ಟೂಕಾಗ."

ಐತಾಳರು ಕೈ ಇಳಿಸಿದರು. ಭುಜ ಆಗಲೇ ಮತ್ತೆ ಬಿಗಿದಂತೆ ಮುಖ ಮಾಡಿದರು.

ಜಲಜಳ ಅಂಗಳದಲ್ಲಿ ಮೂರು ಬೆಕ್ಕು ಹೊಟ್ಟೆ ಉಬ್ಬಿ ಏಳಲಾರದೆ ಮಲಗಿದ್ದವು. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ಕಿಟ್ಟ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದ.

"ಗೊತ್ತಿತ್ತ್" ಎಂದಳು ಜಲಜ. "ಸುರುವಿನ್ ದಿನ ಕೈ ಎತ್ತೂಕಾಗ್ದೆ ಹಗ್ಗವನ್ನೇ ಕಾಣ್ತಾ ನಿಂತಿದ್ರ್, ಪಾಪ."

"ಗೊತ್ತಿದ್ದೂ ತಕಂಡ್ಯಾ?"

"ತಕಂಡೆ."

"ಅವ್ರ್ ಕೊಟ್ಟದ್ದ್ ನಿನ್ನ್ ಹೊಟ್ಟಿಗಲ್ಲ, ಅವ್ರ್ ಭುಜಕ್ಕೆ. ಆ ಮೀನ್ ಬಾಯಿಗ್ ರುಚಿ ಆತ್ತಾ?"

ಜಲಜ ಬೇಲಿಯಾಚೆ ಒಮ್ಮೆ ಇಣುಕಿ, ಸ್ವರ ತಗ್ಗಿಸಿದಳು.

"ಯಾರಿಗೂ ಹೇಳ್ಬೇಡ ಕಿಟ್ಟ, ಮೀನ್ ತಿಂದ್ರೆ ನಂಗ್ ಮೈಯೆಲ್ಲ ತುರ್ಸತ್ತ್, ಹುಟ್ಟಿದ್ ಮೇಲ್ ಸಮಾ ತಿಂದದ್ದೇ ಇಲ್ಲೆ, ಆದ್ರೆ ಪಾಲ್ ತಕಂಬರ್ ಒಬ್ರೂ ಇಲ್ದಿರೆ ಐತಾಳ್ರ್ ಹಗ್ಗ ಮುಟ್ತಿದ್ರಾ?"