ನಿಧಾನದ ತೋಟಾ

ಮನೆಯಲ್ಲಿ ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು ಆಕಾಶಕ್ಕೆ ಹಾರಿಸುವ ಸೀಮೆ ಅದು. ಕೋವಿಯ ತೋಟಾ ಮಾರುವ ಅಂಗಡಿಯ ಅಯ್ಯಣ್ಣನಲ್ಲಿಗೆ ಬಂದವರೆಲ್ಲ ಊರಿಗೇ ಕೇಳುವಂಥ ಸದ್ದು ಬೇಕೆನ್ನುತ್ತಿದ್ದರು. ಆದರೆ ನಿವೃತ್ತ ಸುಬೇದಾರ ಪೂವಯ್ಯನವರು, "ಕೋವಿಗಲ್ಲ, ನನ್ನ ಪಿಸ್ತೂಲಿಗೆ. ಸದ್ದು ಕಮ್ಮಿ ಇರೋದು ಕೊಡು" ಎಂದರು.

ಅಯ್ಯಣ್ಣ ತಲೆಯೆತ್ತಿ ಅವರ ಮುಖ ನೋಡಿದ. ಪಕ್ಕದ ತೋಟದವನಿಗೂ ಇವರಿಗೂ ಬೇಲಿ ಜಗಳ ಹತ್ತಿ ಉರಿಯುತ್ತಿದ್ದುದು ಯಾರಿಗೆ ಗೊತ್ತಿಲ್ಲ?

"ಶಬ್ದಕ್ಕಿಂತ ನಿಧಾನ ಹೋಗೋ ಗುಂಡು ಉಂಟು. ಗಾಳಿ ಸೀಳುವ ಛಟೀರ್ ಇರೋದಿಲ್ಲ. ಆದ್ರೂ ಪೂರ್ತಿ ಮೌನ ಅಲ್ಲ."

"ಗೇಟಿನ ಹತ್ರ ಹೊಡೆದ್ರೆ ಒಳಕೋಣೆಗೆ ಕೇಳ್ತದಾ?"

"ಬಾಗಿಲು ಹಾಕಿದ್ರೆ ಕೇಳ್ಲಿಕ್ಕಿಲ್ಲ. ಎಷ್ಟು ಬೇಕು?"

"ಎರಡು ಸಾಕು."

ಅಯ್ಯಣ್ಣ ತೆಗೆದಿಟ್ಟಿದ್ದ ತೋಟಾ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡ. "ಸುಬೇದಾರ್ರೇ, ಮೊನ್ನೆ ತಾನೇ ಮೊಮ್ಮಗ ಹುಟ್ಟಿದ್ದಾನೆ. ಆ ದರಿದ್ರ ಬೇಲಿಗಾಗಿ ಮನೆ ಹಾಳು ಮಾಡ್ಕೋಬೇಡಿ. ಸಿಟ್ಟು ಬಿಟ್ಟು ಮನೆಗೆ ಹೋಗಿ."

ಪೂವಯ್ಯನವರು ಲೈಸೆನ್ಸ್ ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಸಂಜೆ ನನ್ನ ಮಗನ ಹೆಣ ಬರ್ತದೆ, ಅಯ್ಯಣ್ಣ. ಬಾಣಂತಿ ಸೊಸೆಗೆ ಇನ್ನೂ ಹೇಳಿಲ್ಲ."