ಮೂರು ಸಲ ಒಗ್ಗರಣೆ

ಬೆಳಗ್ಗೆ ಹನ್ನೊಂದಕ್ಕೆ ದೊಡ್ಡಮ್ಮನ ಮಗ ಬಯ್ಯಪ್ಪನ ಫೋನು ಬಂತು. ರಮೇಶ್‌ಬಾಬು ಅಂಗಳಕ್ಕೆ ಬಂದು ಕಿವಿಗಿಟ್ಟುಕೊಂಡ.

"ಅಮ್ಮ ಹೋಗ್ಬಿಟ್ಲು ಕಣೋ ರಮೇಶ. ಮೂರು ಗಂಟೆಗೆಲ್ಲ ಮಣ್ಣು ಮಾಡ್ತೀವಿ. ಚಿಕ್ಕಮ್ಮನ್ನ ಬೇಗ ಕರ್ಕೊಂಡು ಬಾ. ತವರಿನ ಸೀರೆ ಅವಳೇ ಹೊದಿಸ್ಬೇಕು, ಆ ಮನೇಲಿ ಇನ್ಯಾರಿದಾರೆ ಹೇಳು?"

ರಮೇಶ್‌ಬಾಬು ಅಡುಗೆಮನೆಯತ್ತ ನೋಡಿದ. ಅವನ ತಾಯಿ ಅಕ್ಕಯ್ಯಮ್ಮ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ನೆನೆದ ಅವರೆಕಾಳನ್ನು ಒಂದೊಂದಾಗಿ ಹಿದುಕುತ್ತ ಕ್ಯಾಮೆರಾದ ಮುಂದೆ ಕೂತಿದ್ದಳು. ಸತ್ತವಳು ಅವಳ ಒಬ್ಬಳೇ ಅಕ್ಕ, ಚಿಂತಾಮಣಿಯ ಕೊಂಡಮ್ಮ. ಅವರ ಜನರಲ್ಲಿ ಹೆಣ್ಣು ಸತ್ತರೆ ಕೊನೆಗೆ ಮೈಮೇಲೆ ಬೀಳಬೇಕಾದ್ದು ತವರಿನ ಸೀರೆ. ಮಂಚೇನಹಳ್ಳಿ ಕಡೆಯ ಆ ತವರಿನಲ್ಲಿ ಉಳಿದಿದ್ದವಳು ಅಕ್ಕಯ್ಯಮ್ಮ ಒಬ್ಬಳೇ.

"ಆಯ್ತಣ್ಣ, ಹೊರಡ್ತೀವಿ" ಅಂದು ರಮೇಶ್‌ಬಾಬು ಫೋನು ಜೇಬಿಗಿಳಿಸಿದ. ಒಂದರ್ಧ ಗಂಟೆ ತಾನೇ, ಶೂಟಿಂಗ್ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡ. ಅರ್ಧ ಗಂಟೆಯಂತೆ! ಕ್ಯಾಮೆರಾ ಹೊತ್ತು ಬಂದವರ ಅರ್ಧ ಗಂಟೆ ಎಷ್ಟುದ್ದ ಅಂತ ಇವನಿಗೇನು ಗೊತ್ತು? ಮಂಡಿಕಲ್ಲಿನ ತೋಟದ ಮನೆಗೆ 'ಹಳ್ಳಿಯೂಟ' ಅಂತ ಬೋರ್ಡು ಹಾಕಿ ವರ್ಷವಾಗಿತ್ತು. ನಂದಿಬೆಟ್ಟ ನೋಡಿದವರೆಲ್ಲ ಹಾಗೇ ಬೆಂಗಳೂರಿಗೆ ತಿರುಗಿಕೊಳ್ಳುತ್ತಿದ್ದರೇ ಹೊರತು ಇತ್ತ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಊರೂರಿನ ಊಟ, ಅದರ ಹಿಂದಿನ ಕಥೆ ಹುಡುಕಿಕೊಂಡು ತಿರುಗುವ ಪವಿತ್ರ ಎರಡು ಸಲ ದಿನ ಮುಂದಕ್ಕೆ ಹಾಕಿ, ಅಂತೂ ಇವತ್ತು ಬಂದಿದ್ದಳು. ಅವಳ ವಿಡಿಯೊಗಳನ್ನು ಲಕ್ಷಗಟ್ಟಲೆ ಜನ ನೋಡುತ್ತಿದ್ದರು.

"ಅಮ್ಮ, ಹಿದುಕಬೇಳೆ ಸಾರು ನಿಮಗೆ ಕಲಿಸಿದ್ದು ಯಾರು?" ಪವಿತ್ರ ಕೇಳಿದಳು.

"ಇನ್ಯಾರಮ್ಮ, ನಮ್ಮಕ್ಕ! ಆಗ ನಮ್ಮನೇಲಿ ಇಪ್ಪತ್ತು ಜನ. ನಾವಿಬ್ರೂ ಕೂತು ಒಂದು ಮೊರ ಕಾಳು ಹಿದುಕ್ಬೇಕಾಗಿತ್ತು. ಉಗುರು ನೋಯ್ತದೆ ಅಂತ ನಾನು ಅತ್ರೆ ನನ್ ಪಾಲಿಂದೂ ಅವಳೇ ಎಳ್ಕೊಳ್ಳೋಳು. ಅಮ್ಮನ ಮುಂದೆ ಮಾತ್ರ 'ತಂಗೀನೇ ಎಲ್ಲ ಮಾಡಿದ್ಲು' ಅನ್ನೋಳು, ಕಳ್ಳಿ!" ಅಕ್ಕಯ್ಯಮ್ಮ ಬಾಯಿತುಂಬ ನಕ್ಕಳು.

ಬಾಗಿಲಲ್ಲಿ ನಿಂತಿದ್ದ ಮಗ ಎಲ್ಲ ಕೇಳಿಸಿಕೊಂಡ. ಅಯ್ಯೋ, ಆಗಲಾದರೂ ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ.

ಸಾರು ಕುದಿಯುವ ಹೊತ್ತಿಗೆ ಒಂದು ಗಂಟೆಯಾಯಿತು. ಸಾವಿನ ಸುದ್ದಿ ಮುಟ್ಟಿದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಅವರ ಪೈಕಿ ಮಕ್ಕಳಿಗೂ ಗೊತ್ತಿರುವ ಮಾತು ಅದು. ಅಕ್ಕಯ್ಯಮ್ಮ ಎಣ್ಣೆ ಕಾಯಿಸಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಹಾಕಿ ಚುಂಯ್ ಅಂತ ಸಾರಿಗೆ ಸುರಿದಳು.

"ಸೌಂಡ್ ಸರಿಯಾಗಿ ಬರ್ಲಿಲ್ಲ ಅಮ್ಮ. ಇನ್ನೊಂದ್ಸಲ ಹಾಕ್ತೀರಾ?"

ಎರಡನೇ ಸಲ ಹೊಗೆ ಅಡ್ಡ ಬಂತು. ಮೂರನೇ ಸಲ ಎಲ್ಲ ಸರಿಹೋಯಿತು. ರಮೇಶ್‌ಬಾಬುವಿನ ಜೇಬಿನಲ್ಲಿ ಫೋನು ಅದುರುತ್ತಲೇ ಇತ್ತು, ತೆಗೆಯಲು ಅವನಿಗೆ ಧೈರ್ಯ ಬರಲಿಲ್ಲ.

"ಇದೇನು ಮಹಾ! ನಮ್ಮಕ್ಕನ ಕೈದು ತಿನ್ಬೇಕು ನೀನು" ಅಂದಳು ಅಕ್ಕಯ್ಯಮ್ಮ.

"ಹಾಗಾದ್ರೆ ನಾಳೆ ಚಿಂತಾಮಣಿಗೇ ಹೋಗೋಣ್ವಾ? ಅಕ್ಕ ತಂಗಿ ಇಬ್ಬರನ್ನೂ ಕೂರಿಸಿ ತೆಗೀತೀನಿ."

ಅಕ್ಕಯ್ಯಮ್ಮನ ಮುಖ ಅರಳಿತು. "ರಮೇಶ, ದೊಡ್ಡಮ್ಮಂಗೆ ಒಂದು ಫೋನ್ ಹಾಕಪ್ಪ. ನಾಳೆ ಬರ್ತೀವಿ, ಕಾಳು ನೆನೆಹಾಕಿರು ಅನ್ನು."

ರಮೇಶ್‌ಬಾಬು ಗೋಡೆಗೆ ಮುಖ ಕೊಟ್ಟು ಗಳಗಳ ಅತ್ತುಬಿಟ್ಟ. ಅಳುತ್ತಲೇ ಎಲ್ಲ ಹೇಳಿದ.

"ಎಷ್ಟೊತ್ತಿಗೆ ಬಂತು ಸುದ್ದಿ?" ಅಕ್ಕಯ್ಯಮ್ಮ ಕೇಳಿದ್ದು ಇದೊಂದೇ.

"ಹನ್ನೊಂದಕ್ಕೆ."

ಗಡಿಯಾರದಲ್ಲಿ ಎರಡಾಗುತ್ತ ಬಂದಿತ್ತು. "ಮೂರು ಸಲ ಒಗ್ಗರಣೆ ಹಾಕಿಸ್ದೆಯಲ್ಲೋ ನನ್ನ ಕೈಲಿ" ಅಂದು ಒಲೆ ಆರಿಸಿದಳು. "ನಂಗೊತ್ತಿರ್ಲಿಲ್ಲ ಅಮ್ಮ" ಅಂತ ಪವಿತ್ರ ಅಂದದ್ದು ಯಾರಿಗೂ ಕೇಳಿಸಲಿಲ್ಲ.

ದಾರಿಯುದ್ದಕ್ಕೂ ಅಕ್ಕಯ್ಯಮ್ಮ ಎದೆ ಬಡಿದುಕೊಂಡು ಅತ್ತಳು. ಅದುರಿ ಅದುರಿ ಫೋನಿನ ಚಾರ್ಜು ಮುಗಿದಿತ್ತು, ಬರುತ್ತಿದ್ದೀವಿ ಅಂತ ಬಯ್ಯಪ್ಪನಿಗೆ ಹೇಳಲೂ ಆಗಲಿಲ್ಲ. ಶಿಡ್ಲಘಟ್ಟದಲ್ಲಿ ಕಾರು ನಿಲ್ಲಿಸಿ ಮಗ ಕೈಗೆ ಸಿಕ್ಕ ಸೀರೆಯೊಂದನ್ನು ತಂದುಕೊಟ್ಟ. ಬಣ್ಣ ಯಾವುದೆಂದೂ ಅವಳು ನೋಡಲಿಲ್ಲ. ಚಿಂತಾಮಣಿ ದಾಟಿ ಬಯ್ಯಪ್ಪನ ತೋಟ ಸೇರಿದಾಗ ನಾಲ್ಕು ಗಂಟೆ. ತೋಟದ ಮೂಲೆಯಲ್ಲಿ ಹಸಿಮಣ್ಣಿನ ಗುಡ್ಡೆ ಎದ್ದಿತ್ತು, ಜನ ಬೋರ್‌ವೆಲ್ ಹತ್ತಿರ ಕೈಕಾಲು ತೊಳೆದುಕೊಳ್ಳುತ್ತಿದ್ದರು.

"ಮೂರೂವರೆ ತನಕ ಕಾದ್ವಿ ಚಿಕ್ಕಮ್ಮ" ಅಂದ ಬಯ್ಯಪ್ಪ. "ಫೋನ್ ಯಾರೂ ಎತ್ಲಿಲ್ಲ. ಕೊನೆಗೆ ಪಕ್ಕದ ಮನೆಯೋರು ಕೊಟ್ಟ ಸೀರೆ ಹೊದಿಸಿದ್ವಿ."

ಅಕ್ಕಯ್ಯಮ್ಮ ತಂದ ಸೀರೆಯನ್ನು ಬಿಡಿಸಿ ಮಣ್ಣಿನ ಮೇಲೆ ಹಾಸಿದಳು. ಗಾಳಿಗೆ ಅದು ಎದ್ದೆದ್ದು ಹಾರುತ್ತಿತ್ತು. ಮಣ್ಣಿನ ಹೆಂಟೆಗಳನ್ನು ಆರಿಸಿ ಒಂದೊಂದೇ ಮೂಲೆಗೆ ಇಡತೊಡಗಿದಳು.

"ತಪ್ಪಾಯ್ತಮ್ಮ" ರಮೇಶ್‌ಬಾಬು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಅರ್ಧ ಗಂಟೇಲಿ ಮುಗೀತದೆ ಅಂದ್ಕೊಂಡಿದ್ದೆ."

ಅಕ್ಕಯ್ಯಮ್ಮ ನಾಲ್ಕನೇ ಮೂಲೆಗೂ ಹೆಂಟೆ ಇಟ್ಟು, ಕೈಮಣ್ಣು ಕೊಡವಿಕೊಂಡು ಎದ್ದಳು.

"ನಂಗೆ ಸೀರೆ ತರೋರು ತವರಲ್ಲಿ ಇನ್ನು ಯಾರೂ ಇಲ್ಲಪ್ಪ. ನಾನು ಹೋದ ದಿನ ನೀನು ಯಾರಿಗೂ ಕಾಯ್ಬೇಕಾಗಿಲ್ಲ. ಕೆಲಸ ಏನಾದ್ರೂ ಇದ್ರೆ, ಮೊದಲು ಅದನ್ನ ಮುಗಿಸ್ಕೊಂಡು ಬಾ."